ನಾಲ್ಕನೇ ಕ್ಯಾಮೆರಾದ ಕೈ

ಬಿಸಿಲು ನಲವತ್ತೈದು ಡಿಗ್ರಿ ದಾಟಿದ ದಿನ ಕ್ರೇನಿನ ಗೂಡಿನಲ್ಲಿ ಮನುಷ್ಯರು ಕೂರಬಾರದು ಎಂಬ ಕಾನೂನು ಬಂದಾಗ, ನಡುಕೋಡಿ ಬಂದರಿನಲ್ಲಿ ಅಂಥ ದಿನಗಳು ವರ್ಷಕ್ಕೆ ತೊಂಬತ್ತು ಇದ್ದವು. ಮರುವರ್ಷ ನೂರಾ ಇಪ್ಪತ್ತಾದವು. ಗೂಡಿನ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು. ಕೊನೆಗೆ ಕ್ರೇನ್ ನಡೆಸುವವರನ್ನೆಲ್ಲ ಕೆಳಗಿಳಿಸಿ, ಹಡಗು ನಿಲ್ಲುವ ಧಕ್ಕೆಯಿಂದ ಒಂದೂವರೆ ಕಿಲೋಮೀಟರ್ ದೂರದ ತಂಪು ಕೋಣೆಯಲ್ಲಿ ಪರದೆಗಳ ಮುಂದೆ ಕೂರಿಸುವುದೆಂದು ತೀರ್ಮಾನವಾಯಿತು. ನಡುವೆ ತಂತಿ ಎಳೆದು, ಅಲ್ಲಿಯ ಚಿತ್ರವನ್ನು ಇಲ್ಲಿಗೆ ತಲುಪಿಸುವ ಕೆಲಸ ವಾರಿಜಳ ಪಾಲಿಗೆ ಬಂತು.

ವಾರಿಜ ಬಂದರಿನ ತಂತಿಗಳ ಉಸ್ತುವಾರಿಗೆ ಸೇರಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಯಾವ ಗೋಡೆಯೊಳಗೆ ಯಾವ ತಂತಿ ಎಲ್ಲಿ ತಿರುಗುತ್ತದೆ ಎಂದು ಆಕೆಗೆ ನಕ್ಷೆ ನೋಡದೆ ಗೊತ್ತು. ಆದರೂ ಈ ಕೆಲಸಕ್ಕೆ ಮೂರು ತಿಂಗಳು ಹಿಡಿಯಿತು. ಧಕ್ಕೆಯ ಮೇಲೆ, ಕ್ರೇನಿನ ತೋಳಿನಲ್ಲಿ, ಹಡಗಿನ ಹೊಟ್ಟೆಯೊಳಗೆ ಇಳಿಬಿಡುವ ಕಂಬಗಳಲ್ಲಿ ಒಟ್ಟು ಮೂವತ್ತೆರಡು ಕ್ಯಾಮೆರಾ. ಪ್ರತಿಯೊಂದರ ಬೆನ್ನಿಗೂ ಒಂದು ಪೆಟ್ಟಿಗೆ. ಅದು ಚಿತ್ರವನ್ನು ಸಾವಿರ ಚೂರು ಮಾಡಿ ತಂತಿಗೆ ತಳ್ಳುತ್ತದೆ. ಪ್ರತಿ ಪರದೆಯ ಹಿಂದೆ ಇನ್ನೊಂದು ಪೆಟ್ಟಿಗೆ. ಅದು ಚೂರುಗಳನ್ನು ಜೋಡಿಸಿ ಮತ್ತೆ ಚಿತ್ರ ಮಾಡುತ್ತದೆ. ಎರಡರ ನಡುವೆ ಒಂದೇ ಒಂದು ದಪ್ಪ ತಂತಿ, ಅದಕ್ಕೊಂದು ಕಟ್ಟುನಿಟ್ಟಿನ ನಿಯಮ: ಕೇಳಿದವರಿಗೆ ಮಾತ್ರ ಬಡಿಸು. ನಾಲ್ಕನೇ ಕ್ಯಾಮೆರಾ ಬೇಕೆಂದ ಪರದೆಗೆ ನಾಲ್ಕನೆಯದು ಮಾತ್ರ. ಮೂವತ್ತೆರಡನ್ನೂ ಎಲ್ಲರ ಎಲೆಗೂ ಸುರಿದರೆ ತಂತಿ ಉಸಿರುಗಟ್ಟುತ್ತದೆ, ಚೂರುಗಳು ದಾರಿಯಲ್ಲೇ ಬಿದ್ದುಹೋಗುತ್ತವೆ.

ಚೂರು ಬಿದ್ದರೂ ಚಿಂತೆಯಿಲ್ಲ ಎಂದವನು ಪೆಟ್ಟಿಗೆ ಮಾಡಿದ ಕಂಪನಿಯ ಇಂಜಿನಿಯರ್ ಪ್ರಣೀತ. ಮೈಸೂರಿನ ಕಡೆಯವನು. ಕೂರಲು ಕುರ್ಚಿ ಕೊಟ್ಟರೆ ಮೊದಲು ಪಕ್ಕದಲ್ಲಿ ನಿಂತವರನ್ನು ಕೂರಿಸಿ ಆಮೇಲೆ ತಾನು ಕೂರುವ ಹುಡುಗ. ಹಳೆಯ ಪೆಟ್ಟಿಗೆಗಳಲ್ಲಿ ಚೂರು ಬಾರದಿದ್ದರೆ ಚಿತ್ರ ನಿಂತುಬಿಡುತ್ತಿತ್ತು. ಇಪ್ಪತ್ತು ಟನ್ ಭಾರ ಗಾಳಿಯಲ್ಲಿರುವಾಗ ಚಿತ್ರ ನಿಲ್ಲುವುದೆಂದರೆ ಕಣ್ಣು ಕಟ್ಟಿದ ಹಾಗೆ. ಅದಕ್ಕೆ ಈ ಪೆಟ್ಟಿಗೆಯೊಳಗೆ 'ಪೂರಣಿ' ಎಂಬ ಒಂದು ವ್ಯವಸ್ಥೆ ಇತ್ತು. ಲೋಕದ ಲಕ್ಷಾಂತರ ಚಿತ್ರಗಳನ್ನು ನೋಡಿ ಕಲಿತದ್ದು. ಚೂರು ಎಲ್ಲಿ ಬರಲಿಲ್ಲವೋ ಅಲ್ಲಿ ಏನಿರಬಹುದೆಂದು ಊಹಿಸಿ ತಾನೇ ಬರೆದು ತುಂಬುತ್ತಿತ್ತು. ತುಂಬಿದ್ದು ಯಾವುದು, ಬಂದದ್ದು ಯಾವುದು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಗುರುತು ಹಾಕಿ ತೋರಿಸಬಹುದಿತ್ತು, ಆದರೆ ನೋಡುವವರಿಗೆ ಕಿರಿಕಿರಿಯೆಂದು ಕಂಪನಿ ಅದನ್ನು ಬಿಟ್ಟಿತ್ತು. ಪೂರಣಿ ಎಂಬ ಹೆಸರು ಧಕ್ಕೆಯ ಜನರ ಬಾಯಲ್ಲಿ ಎರಡೇ ದಿನಕ್ಕೆ 'ಹೂರಣ' ಆಯಿತು. ಇವತ್ತು ಹೋಳಿಗೆ ಎಷ್ಟು, ಹೂರಣ ಎಷ್ಟು ಎಂದು ಕೇಳುವುದು ಅವರ ತಮಾಷೆಯಾಯಿತು.

ಸರಕು ಒಂದೇ ಅಳತೆಯ ಕಂಟೇನರುಗಳಾದರೆ ಹಡಗಿನೊಳಗೆ ಮನುಷ್ಯರೇ ಬೇಕಿರಲಿಲ್ಲ. ನಡುಕೋಡಿಯಿಂದ ಹೋಗುತ್ತಿದ್ದದ್ದು ಗ್ರಾನೈಟ್ ದಿಮ್ಮಿ. ಒಂದರ ಹಾಗೆ ಇನ್ನೊಂದಿಲ್ಲ. ಹಡಗಿನ ಹೊಟ್ಟೆಯಲ್ಲಿ ಅಡ್ಡಮರಗಳನ್ನು ಹಾಸಿ, ಕಲ್ಲು ಅದರ ಮೇಲೆ ಸರಿಯಾಗಿ ಕೂರುವಂತೆ ನೋಡಿಕೊಳ್ಳಲು ತಂಪಿನ ಜಾಕೆಟ್ ತೊಟ್ಟ ಮೂರ್ನಾಲ್ಕು ಜನ ಇಳಿಯಲೇಬೇಕು. ಕಬ್ಬಿಣದ ಗೋಡೆಗಳು ವಾಕಿಟಾಕಿಯ ಮಾತನ್ನು ನುಂಗುತ್ತವೆ. ಹಾಗಾಗಿ ಹಿಂದಿನ ಕಾಲದಿಂದ ಬಂದ ಕೈಸನ್ನೆಯೇ ಅಲ್ಲಿಯ ಭಾಷೆ. ಅಂಗೈ ಬಿಡಿಸಿ ಮೇಲೆ ಕೆಳಗೆ ಆಡಿಸಿದರೆ ಇಳಿಸು ಎಂದರ್ಥ. ಮುಷ್ಟಿ ಕಟ್ಟಿ ಎತ್ತಿ ಹಿಡಿದರೆ ನಿಲ್ಲಿಸು.

ಆ ಸನ್ನೆ ಮಾಡುವವರು ಬಾವುಂಞಿ ಬ್ಯಾರಿ. ಧಕ್ಕೆಗೆಲ್ಲ ಬಾವಾಕ. ಹಿಂದೊಮ್ಮೆ ಇನ್ನೊಬ್ಬನ ಕೈಯನ್ನು ಉಕ್ಕಿನ ಹಗ್ಗದಡಿಯಿಂದ ಎಳೆದು ಬಿಡಿಸುವಾಗ ಅವರ ಬಲಗೈಯ ನಡುವಿನ ಮೂರು ಬೆರಳು ಹೋಗಿದ್ದವು. ಉಳಿದದ್ದು ಹೆಬ್ಬೆರಳು ಮತ್ತು ಕಿರುಬೆರಳು. ಎಡಗೈಯಲ್ಲಿ ಸದಾ ಏಣಿಯನ್ನೋ ಹಗ್ಗವನ್ನೋ ಹಿಡಿದಿರುತ್ತಿದ್ದುದರಿಂದ ಸನ್ನೆ ಮಾತ್ರ ಬಲಗೈಯದ್ದೇ. ಕ್ರೇನ್ ನಡೆಸುವ ಸುಗಂಧಿ ಆ ಎರಡು ಬೆರಳನ್ನು ನಲವತ್ತು ಅಡಿ ಮೇಲಿನಿಂದ ಹದಿನಾರು ವರ್ಷ ನೋಡಿದವಳು. ಎರಡೂ ಬಿಚ್ಚಿ ಆಡಿದರೆ ಇಳಿಸುತ್ತಿದ್ದಳು, ಮಡಚಿದರೆ ನಿಲ್ಲಿಸುತ್ತಿದ್ದಳು. ದಿನಕ್ಕೊಮ್ಮೆ ಕೊಕ್ಕೆಗೆ ನೀರಿನ ಕ್ಯಾನ್ ಕಟ್ಟಿ ಕೆಳಗಿನವರಿಗೆ ಇಳಿಸುವ ರೂಢಿ ಅವಳದ್ದು. ತಂಪು ಕೋಣೆಗೆ ಬಂದ ಮೇಲೂ ಧಕ್ಕೆಯವರಿಗೆ ಹೇಳಿ ಕ್ಯಾನ್ ಕಟ್ಟಿಸಿ ಅದನ್ನು ಮುಂದುವರಿಸಿದ್ದಳು.

ಬಂದರಿನ ಕ್ಯಾಂಟೀನು ತಂಪು ಕೋಣೆಯ ಕೆಳಗಿನ ಮಹಡಿಯಲ್ಲಿತ್ತು. ಅಲ್ಲಿ ಕಾವಲಿಯ ಮುಂದೆ ನಿಂತು ಪತ್ತಿರ್ ಎಂಬ ಅಕ್ಕಿರೊಟ್ಟಿ ಸುಡುವವಳು ಬಾವಾಕರ ಹೆಂಡತಿ ನೆಬಿಸಮ್ಮ. ಮೊದಲಾದರೆ ಕ್ಯಾಂಟೀನು ಧಕ್ಕೆಯ ಪಕ್ಕದಲ್ಲೇ ಇತ್ತು. ಕಿಟಕಿಯಲ್ಲಿ ಹಡಗು ಕಾಣುತ್ತಿತ್ತು. ಈಗ ಕಿಟಕಿ ತೆರೆದರೆ ಗೋಡೆ. ಗಂಡ ಏಣಿ ಇಳಿದನೋ ಹತ್ತಿದನೋ ಎಂದು ತಿಳಿಯದೆ ಆಕೆ ದಿನವಿಡೀ ಗಡಿಯಾರ ನೋಡುತ್ತಿದ್ದುದನ್ನು ವಾರಿಜ ಗಮನಿಸಿದ್ದಳು. ಯಾರೂ ಕೇಳಿರಲಿಲ್ಲ. ಆದರೂ ಸ್ಟೋರಿನಲ್ಲಿ ಧೂಳು ತಿನ್ನುತ್ತಿದ್ದ ಒಂದು ಹಳೆಯ ಪೆಟ್ಟಿಗೆಯನ್ನೂ ಒಂದು ಪರದೆಯನ್ನೂ ತಂದು, ದಪ್ಪ ತಂತಿಯಿಂದ ಒಂದು ಕವಲು ಎಳೆದು, ಕ್ಯಾಂಟೀನಿನ ಫ್ರಿಜ್ಜಿನ ಮೇಲೆ ಕೂರಿಸಿದಳು. ಹೂರಣದ ಚಿಪ್ ಒಂದನ್ನೂ ಅದಕ್ಕೆ ಸಿಕ್ಕಿಸಿದಳು. ಆ ಹಳೆಯ ಪೆಟ್ಟಿಗೆಗೆ ಒಂದೇ ಚಿತ್ರವನ್ನು ಹೆಸರು ಹಿಡಿದು ಕೇಳಲು ಬರುತ್ತಿರಲಿಲ್ಲ. ಅದಕ್ಕೆ ಎಲ್ಲವನ್ನೂ ಕೊಟ್ಟು, ಬೇಕಾದ್ದನ್ನು ಅದೇ ಆರಿಸಿಕೊಳ್ಳುವಂತೆ ಮಾಡಬೇಕಿತ್ತು. ವಾರಿಜ ಲೆಕ್ಕ ಹಾಕಿ ನೋಡಿದಳು. ಒಂದು ಹಡಗು ನಿಂತಾಗ ಹದಿನೈದು ಹದಿನಾರು ಕ್ಯಾಮೆರಾ ಮಾತ್ರ ನಡೆಯುತ್ತವೆ, ತಂತಿ ತಡೆಯುತ್ತದೆ. ತಾನೇ ಬರೆದ ನಿಯಮಕ್ಕೆ ತಾನೇ ಒಂದು ಸಣ್ಣ ತೂತು ಮಾಡಿದಳು.

ಇಡೀ ವ್ಯವಸ್ಥೆಯ ಪರೀಕ್ಷೆಯ ದಿನ ಮೂವತ್ತೆರಡು ಕ್ಯಾಮೆರಾವನ್ನೂ ಒಟ್ಟಿಗೆ ಹಚ್ಚಿದರು. ಖಾಲಿ ಹಡಗಿನೊಳಗೆ ಬಾವಾಕ ನಾಲ್ಕನೇ ಕ್ಯಾಮೆರಾದ ಎದುರು ನಿಂತು ಕೈ ಆಡಿಸಿದರು. ಕ್ಯಾಂಟೀನಿನಲ್ಲಿ ಪರದೆ ನೋಡುತ್ತಿದ್ದ ನೆಬಿಸಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಪರದೆಯ ಮೇಲಿನ ಗಂಡನ ಬಲಗೈಯಲ್ಲಿ ಐದು ಬೆರಳಿದ್ದವು.

ವಾರಿಜ ಮೇಲೆ ಹೋಗಿ ನೋಡಿದಳು. ಸುಗಂಧಿಯ ಪರದೆಯಲ್ಲೂ ಐದು. ಪ್ರಣೀತನನ್ನು ಕೇಳಿದರೆ ಅವನು ಹೆಮ್ಮೆಯಿಂದಲೇ ನಕ್ಕ. ಕೈ ಎಂದರೆ ಐದು ಬೆರಳು ಎಂದು ಪೂರಣಿ ಕಲಿತಿದೆ, ಚೂರು ಬಾರದ ಕಡೆ ಬೆರಳಿಲ್ಲದ ಅಂಗೈ ಕಂಡರೆ ಬೆರಳು ಆ ಚೂರಿನಲ್ಲಿತ್ತು ಎಂದು ತಿಳಿದು ಬರೆದುಬಿಡುತ್ತದೆ ಎಂದು ವಿವರಿಸಿದ. ಬೇಕಿದ್ದರೆ ನಾಲ್ಕನೇ ಕ್ಯಾಮೆರಾಕ್ಕೆ ಅದನ್ನು ನಿಲ್ಲಿಸಬಹುದು ಎಂದೂ ಹೇಳಿ, ಹೇಗೆಂದು ತೋರಿಸಿಕೊಟ್ಟು ಊರಿಗೆ ಹೋದ.

ನಿಲ್ಲಿಸುವ ಮೊದಲು ಒಂದು ಮಾತು ಹೇಳಬೇಕೆಂದು ವಾರಿಜ ಮರುದಿನ ಬೆಳಿಗ್ಗೆ ಬಾವಾಕರ ಮನೆಗೆ ಹೋದಳು. ಅವರು ಕೆಲಸಕ್ಕೆ ಹೊರಡುವ ಹೊತ್ತು. ನೆಬಿಸಮ್ಮ ಜಾಕೆಟಿನ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತಿದ್ದಳು, ಅವರು ಅವಳ ತಲೆಯಾಚೆಯ ಗೋಡೆ ನೋಡುತ್ತಾ ನಿಂತಿದ್ದರು. ಬೆರಳು ಹೋದಾಗಿನಿಂದ ದಿನವೂ ಹೀಗೇ ಇರಬೇಕು. ಇಬ್ಬರ ಮುಖದಲ್ಲೂ ಅದರ ಬಗ್ಗೆ ಏನೂ ಇರಲಿಲ್ಲ. ವಾರಿಜ ವಿಷಯ ತೆಗೆದಳು. ನೆಬಿಸಮ್ಮ ಕೊನೆಯ ಗುಂಡಿ ಹಾಕಿ ಮುಗಿಸಿದಳು.

"ಅಕ್ಕ, ಆ ಕೈ ನಾನು ಮದುವೆ ದಿನ ನೋಡಿದ್ದು," ಎಂದಳು ಆಮೇಲೆ. "ಈಗ ನೆನಪು ಮಾಡ್ಲಿಕ್ಕೆ ಹೋದ್ರೂ ಬರ್ತಿರ್ಲಿಲ್ಲ. ನಿನ್ನೆ ಬಂತು. ಯಾರಿಗೂ ತೊಂದರೆ ಇಲ್ಲದಿದ್ರೆ ಹಾಗೇ ಇರ್ಲಿ."

ಬಾವಾಕ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. "ಇವಳಿಗೆ ನಾನು ಸಾಲುದಿಲ್ಲ ವಾರಿಜಕ್ಕ. ಟಿವಿಯಲ್ಲಿ ಬರುವ ಗಂಡಸು ಬೇಕಂತೆ."

ನೆಬಿಸಮ್ಮ ಅವರ ಬೆನ್ನಿಗೊಂದು ಗುದ್ದು ಕೊಟ್ಟಳು. ವಾರಿಜಳೂ ನಕ್ಕಳು. ಅದನ್ನು ನಿಲ್ಲಿಸಲಿಲ್ಲ.

ಮುಂದಿನ ಎರಡು ವಾರ ಬಂದರಿನಲ್ಲಿ ಒಂದೊಂದೇ ಹಡಗಿತ್ತು. ಪರದೆಯಲ್ಲಿ ಬಾವಾಕರ ಕೈ ಮೊದಲಿನ ಹಾಗೆ ಎರಡೇ ಬೆರಳಿನದಾಗಿ ಕಾಣುತ್ತಿತ್ತು. ಇವತ್ತೂ ಎರಡೇ ಎಂದು ನೆಬಿಸಮ್ಮ ವಾರಿಜಳ ತಟ್ಟೆಗೆ ಸಾರು ಬಡಿಸುತ್ತಾ ಸಪ್ಪೆಯಾಗಿ ಹೇಳುತ್ತಿದ್ದಳು. ಹೂರಣ ಈಗ ಬಾವಾಕರ ಕೈಯನ್ನು ಗುರುತು ಹಿಡಿಯಲು ಕಲಿತಿರಬೇಕು ಎಂದುಕೊಂಡಳು ವಾರಿಜ. ಪರೀಕ್ಷೆಯ ದಿನ ಐದಿದ್ದದ್ದು ಈಗ ಯಾಕೆ ಎರಡಾಯಿತು ಎಂದು ಇಪ್ಪತ್ತೊಂಬತ್ತು ವರ್ಷದ ಅನುಭವದವಳು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.

ಮೂರನೆಯ ಸೋಮವಾರ ಎರಡು ಹಡಗು ಒಟ್ಟಿಗೆ ಬಂದವು.

ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ ವಾರಿಜ ತಟ್ಟೆ ಹಿಡಿದು ಕ್ಯಾಂಟೀನಿನಲ್ಲಿ ಕೂತಿದ್ದಳು. ಮೇಲಿನ ಕೋಣೆಯಲ್ಲಿ ಸುಗಂಧಿ ಹದಿನೆಂಟು ಟನ್ನಿನ ಒಂದು ದಿಮ್ಮಿಯನ್ನು ಹಡಗಿನೊಳಗೆ ಇಳಿಸುತ್ತಿದ್ದಳು. ಪರದೆಯಲ್ಲಿ ಬಾವಾಕ, ಅವರ ಹಿಂದೆ ಧೂಳು, ಮೇಲಿನಿಂದ ನಿಧಾನವಾಗಿ ದೊಡ್ಡದಾಗುತ್ತಿದ್ದ ಕಲ್ಲಿನ ನೆರಳು.

"ಅಕ್ಕ ನೋಡಿ," ಎಂದಳು ನೆಬಿಸಮ್ಮ. ಅವಳ ದನಿಯಲ್ಲಿ ಹದಿನೈದು ದಿನದ ಸಪ್ಪೆ ಇರಲಿಲ್ಲ. "ಇವತ್ತು ಐದು ಉಂಟು."

ವಾರಿಜ ತಲೆ ಎತ್ತಿದಳು. ಐದು ಬೆರಳು, ನೇರವಾಗಿ, ಚೆಂದವಾಗಿ ಬಿಡಿಸಿದ್ದವು. ಪರೀಕ್ಷೆಯ ದಿನ ಮೂವತ್ತೆರಡೂ ಕ್ಯಾಮೆರಾ ಉರಿಯುತ್ತಿದ್ದವು. ಇವತ್ತೂ ಉರಿಯುತ್ತಿವೆ. ತಂತಿ ತುಂಬಿದಾಗ ಐದು, ಖಾಲಿಯಿದ್ದಾಗ ಎರಡು. ಹೂರಣ ಏನೂ ಕಲಿತಿರಲಿಲ್ಲ. ಈಗ ಚೂರುಗಳು ದಾರಿಯಲ್ಲಿ ಬೀಳುತ್ತಿವೆ, ಅಷ್ಟೇ. ಫ್ರಿಜ್ಜಿನ ಮೇಲಿನ ಹಳೆಯ ಪೆಟ್ಟಿಗೆ ಎರಡು ಹಡಗಿನ ಎಲ್ಲ ಚಿತ್ರವನ್ನೂ ಎಳೆದುಕೊಳ್ಳುತ್ತಿದೆ, ಮೇಲಿನ ಕೋಣೆಗೆ ಸಿಗಬೇಕಾದ ದಾರಿಯನ್ನು ತಾನು ತುಂಬಿಕೊಂಡಿದೆ.

ಇಷ್ಟು ಹೊಳೆದದ್ದೂ ನೆಬಿಸಮ್ಮ ಮಾತಾಡಿದ್ದೂ ಒಟ್ಟಿಗೇ.

"ಇವರು ಕೈ ಯಾಕೆ ಆಡಿಸುದಿಲ್ಲ?"

ಪರದೆಯ ಮೇಲಿನ ಅಂಗೈ ಬಿಡಿಸಿಕೊಂಡಿತ್ತು, ಆದರೆ ಆಡುತ್ತಿರಲಿಲ್ಲ. ತಲೆಯ ಮೇಲೆ ಎತ್ತಿ ಹಿಡಿದಲ್ಲೇ ನಿಂತಿತ್ತು. ಮೊಣಕೈ ಬಿಗಿದಿತ್ತು. ಇಳಿಸು ಎನ್ನುವವರು ಕೈಯನ್ನು ಮೇಲೆ ಕೆಳಗೆ ಆಡಿಸುತ್ತಾರೆ. ಹಾಗೆ ಎತ್ತಿ ಹಿಡಿಯುವುದು ಮುಷ್ಟಿಯನ್ನು ಮಾತ್ರ. ಬಾವಾಕ ಎರಡು ಬೆರಳನ್ನೂ ಮಡಚಿದ್ದಾರೆ. ಬೆರಳೇ ಕಾಣದ ಆ ಮೊಂಡು ಕೈಗೆ ಹೂರಣ ಐದು ಬೆರಳು ಬರೆದುಕೊಟ್ಟಿದೆ. ಅವರು ನಿಲ್ಲಿಸು ಎನ್ನುತ್ತಿದ್ದಾರೆ. ಮೇಲೆ ಸುಗಂಧಿಗೆ ಕಾಣುತ್ತಿರುವುದು ಇಳಿಸು.

ನೆರಳು ದೊಡ್ಡದಾಗುತ್ತಲೇ ಇತ್ತು.

ಫೋನ್ ಮಾಡಿದರೆ ಸುಗಂಧಿ ತೆಗೆಯುವುದಿಲ್ಲ. ಭಾರ ಗಾಳಿಯಲ್ಲಿರುವಾಗ ತೆಗೆಯಬಾರದೆಂಬುದು ನಿಯಮ, ಅವಳು ನಿಯಮ ಮುರಿದವಳಲ್ಲ. ಮೆಟ್ಟಿಲು ಹತ್ತಲು ಅರ್ಧ ನಿಮಿಷ ಬೇಕು. ತಟ್ಟೆ ಎಲ್ಲಿ ಬಿತ್ತೆಂದು ವಾರಿಜಳಿಗೆ ಆಮೇಲೂ ನೆನಪಾಗಲಿಲ್ಲ. ಕುರ್ಚಿ ಹತ್ತಿದಳು, ಅದು ವಾಲಿತು. ನೆಬಿಸಮ್ಮ ಏನೆಂದು ಕೇಳದೆ ಎರಡೂ ಕೈಯಿಂದ ಕುರ್ಚಿಯನ್ನು ಒತ್ತಿ ಹಿಡಿದಳು. ವಾರಿಜ ಫ್ರಿಜ್ಜಿನ ಮೇಲಿನ ಪೆಟ್ಟಿಗೆಯ ಹಿಂದೆ ಕೈ ಹಾಕಿ, ತಾನೇ ಸಿಕ್ಕಿಸಿದ್ದ ತಂತಿಯನ್ನು ಕಿತ್ತಳು.

ಪರದೆ ಕಪ್ಪಾಯಿತು.

"ಅಕ್ಕ?" ಎಂದಳು ನೆಬಿಸಮ್ಮ.

ವಾರಿಜ ಕುರ್ಚಿಯಿಂದ ಇಳಿದಳು. ಮೆಟ್ಟಿಲಿನ ಕಡೆ ಓಡಿದಳು. ಮೊಣಕಾಲು ನೋವಿನವಳು ಮೂವತ್ತೆರಡು ಮೆಟ್ಟಿಲನ್ನು ಹೇಗೆ ಹತ್ತಿದಳೋ. ಹತ್ತುವಾಗ ಒಂದೇ ಲೆಕ್ಕ ತಲೆಯಲ್ಲಿತ್ತು: ತಂತಿ ಖಾಲಿಯಾಗಿ ನಿಜವಾದ ಚಿತ್ರ ಬರಲು ಒಂದು ಸೆಕೆಂಡು, ಸುಗಂಧಿಯ ಕಣ್ಣಿಗೆ ಅರ್ಧ, ಅವಳ ಕೈಗೆ ಅರ್ಧ, ಕ್ರೇನಿಗೆ ಒಂದು. ಅಷ್ಟರಲ್ಲಿ ಕಲ್ಲು ಎಷ್ಟು ಇಳಿಯುತ್ತದೆ?

ತಂಪು ಕೋಣೆಯ ಬಾಗಿಲು ತಳ್ಳಿದಾಗ ಸುಗಂಧಿ ಎರಡೂ ಕೈಯನ್ನು ಹಿಡಿಗಳಿಂದ ತೆಗೆದು ಎದೆಗೆ ಒತ್ತಿಕೊಂಡು ಕೂತಿದ್ದಳು. ಪರದೆಯಲ್ಲಿ ಬಾವಾಕರ ಮೊಂಡು ಮುಷ್ಟಿ. ಅದರ ಹಿಂದೆ ಅಲುಗಾಡದೆ ನಿಂತ ಕಲ್ಲು. ಕಲ್ಲಿನ ಕೆಳಗೆ, ಒಂದು ಗೇಣಿನಷ್ಟು ಜಾಗದಲ್ಲಿ, ಎರಡು ಅಡ್ಡಮರಗಳ ನಡುವೆ ಸಿಕ್ಕಿಕೊಂಡ ಒಂದು ಕಾಲು, ಅದನ್ನು ಎಳೆಯುತ್ತಿದ್ದ ಇಬ್ಬರು.

"ಕೈ ಬಿಚ್ಚಿತ್ತು ವಾರಿಜಕ್ಕ," ಎಂದಳು ಸುಗಂಧಿ. "ಬಿಚ್ಚಿದ ಕೈ ಒಮ್ಮೆಲೇ ಮುಷ್ಟಿ ಆಯ್ತು. ಮಡಚಿದ್ದು ನಾನು ನೋಡ್ಲೇ ಇಲ್ಲ. ಹದಿನಾರು ವರ್ಷದಲ್ಲಿ ಹೀಗೆ ಆಗ್ಲಿಲ್ಲ."

ವಾರಿಜ ಅವಳ ಹೆಗಲ ಮೇಲೆ ಕೈ ಇಟ್ಟಳು. ಇಬ್ಬರೂ ಪರದೆಯನ್ನೇ ನೋಡಿದರು. ಕಾಲು ಹೊರಬಂದ ಮೇಲೂ ಬಾವಾಕ ಮುಷ್ಟಿ ಇಳಿಸಲಿಲ್ಲ. ಎಲ್ಲರೂ ಏಣಿ ಹತ್ತಿ ಮೇಲೆ ಹೋದ ಮೇಲೆ ಇಳಿಸಿದರು.

ಕಾಲು ಯಮನೂರಪ್ಪನದ್ದು. ಕಲ್ಲಿನ ಜೊತೆಗೇ ಇಳಕಲ್ಲಿನ ಕಡೆಯಿಂದ ಬಂದವನು. ಮೂಳೆ ಮುರಿದಿರಲಿಲ್ಲ, ಚರ್ಮ ಕಿತ್ತಿತ್ತು. ಸಂಜೆ ನೋಡಲು ಹೋದ ವಾರಿಜಳಿಗೆ ಅವನೇ ಮಂಚದಿಂದ ಎದ್ದು ಜಾಗ ಮಾಡಿಕೊಡಲು ಹೋದ. "ಕಾಲು ಉಳೀತ್ರಿ ಅಕ್ಕಾರ, ಕುಂದರ್ರಿ," ಎಂದ. ಯಾರ ತಪ್ಪಿನಿಂದ ಹೋಗುತ್ತಿತ್ತು ಎಂದು ಅವನಿಗೆ ತಿಳಿದಿರಲಿಲ್ಲ. ವಾರಿಜ ಕೂರಲಿಲ್ಲ. ನಿಂತೇ ಅವನಿಗೆ ಎಲ್ಲವನ್ನೂ ಹೇಳಿದಳು. ಅವನು ಪಟ್ಟಿ ಕಟ್ಟಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಮಂಚದ ಮೇಲೆ ಇಟ್ಟುಕೊಂಡ. ಆಮೇಲೆ ಚಾ ಕುಡೀತೀರೇನು ಎಂದು ಕೇಳಿದ.

ವರದಿಯನ್ನು ಅವಳು ಎರಡು ಪುಟದಲ್ಲಿ ಬರೆದಳು. ಹಳೆಯ ಪೆಟ್ಟಿಗೆ ತಂದವಳು ತಾನು, ಎಲ್ಲವನ್ನೂ ಬಡಿಸು ಎಂದು ತಂತಿಗೆ ಹೇಳಿದವಳು ತಾನು, ನಾಲ್ಕನೇ ಕ್ಯಾಮೆರಾದ ಪೂರಣಿಯನ್ನು ನಿಲ್ಲಿಸಬಹುದೆಂದು ತಿಳಿದೂ ಬಿಟ್ಟವಳು ತಾನು. ಯಾಕೆ ಎಂಬುದನ್ನು ಬರೆಯಲಿಲ್ಲ. ವಿಚಾರಣೆ ಮುಗಿಯುವವರೆಗೆ ಒಂದು ತಿಂಗಳು ಅವಳನ್ನು ಕೆಲಸದಿಂದ ದೂರ ಇಟ್ಟರು. ಪ್ರಣೀತ ಮರುದಿನವೇ ಬಂದಿಳಿದ. ಗುರುತು ಹಾಕದೆ ಬಿಟ್ಟದ್ದು ತಮ್ಮ ತಪ್ಪು ಎಂದು ಅವನೂ ಒಂದು ಕಾಗದ ಬರೆದು ಅವಳ ವರದಿಯ ಜೊತೆ ಸೇರಿಸಿದ. ಅವನ ಮೇಲಿನವರು ಅದಕ್ಕೆ ಅವನನ್ನು ಏನು ಮಾಡಿದರೋ, ಅವನು ಹೇಳಲಿಲ್ಲ. ಬಂದರಿನ ಎಲ್ಲ ಪೆಟ್ಟಿಗೆಗಳಲ್ಲೂ ಹೂರಣವನ್ನು ತೆಗೆದರು. ಚೂರು ಬಾರದ ಕಡೆ ಈಗ ಕಪ್ಪು ಚುಕ್ಕೆ ಕಾಣುತ್ತದೆ. ಕಪ್ಪು ಹೆಚ್ಚಾದರೆ ಕ್ರೇನ್ ತಾನೇ ನಿಲ್ಲುತ್ತದೆ. ಕೆಲಸ ನಿಧಾನವಾಯಿತೆಂದು ಹಡಗಿನವರು ಗೊಣಗಿದರು.

ಆ ತಿಂಗಳು ವಾರಿಜ ಬಾವಾಕರ ಮನೆಯ ಕಡೆ ಹೋಗಲಿಲ್ಲ. ಹೋಗುವ ಧೈರ್ಯವಾಗಲಿಲ್ಲ. ಹತ್ತನೆಯ ದಿನ ಅವರಿಬ್ಬರೂ ತಾವೇ ಅವಳ ಮನೆಗೆ ಬಂದರು. ನೆಬಿಸಮ್ಮನ ಕೈಯಲ್ಲಿ ಬಟ್ಟೆ ಸುತ್ತಿದ ಪತ್ತಿರಿನ ಡಬ್ಬಿ ಇತ್ತು. ಇನ್ನೂ ಬಿಸಿಯಿತ್ತು. ಒಳಗೆ ಕರೆದರೂ ಆಕೆ ಬಾಗಿಲಲ್ಲೇ ನಿಂತಳು.

"ನಾನು ಕೇಳ್ಬಾರ್ದಿತ್ತು ಅಕ್ಕ."

"ಕೇಳಿದ್ದು ನೀವು. ಕೊಟ್ಟದ್ದು ನಾನು," ಎಂದಳು ವಾರಿಜ.

ಬಾವಾಕ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಿದ್ದರು. ಬಲಗೈಯನ್ನು ಮೊಣಕಾಲ ಮೇಲೆ ಇಟ್ಟು, ಉಳಿದ ಎರಡು ಬೆರಳನ್ನು ಬಿಚ್ಚಿ, ಮಡಚಿ, ಬಿಚ್ಚಿ ನೋಡಿದರು.

"ಈ ಎರಡರಲ್ಲಿ ನಾನು ಇಷ್ಟು ವರ್ಷ ಯಾರನ್ನೂ ಕೊಲ್ಲಲಿಲ್ಲ ವಾರಿಜಕ್ಕ," ಎಂದರು. "ಐದು ಕೊಟ್ಟ ಕೂಡ್ಲೇ ಒಬ್ಬನ ಕಾಲಿಗೆ ಬಂತು. ನಂಗೆ ಎರಡೇ ಸಾಕು. ಇವಳನ್ನೂ ಒಪ್ಪಿಸಿದ್ದೇನೆ."

ನೆಬಿಸಮ್ಮ ಆಗ ಒಳಗೆ ಬಂದಳು.

ವಾರಿಜ ಕೆಲಸಕ್ಕೆ ಮರಳಿದ ದಿನ ತಂಪು ಕೋಣೆಯಲ್ಲಿ ಒಂದು ಹೊಸ ರೂಢಿ ನೋಡಿದಳು. ಪ್ರತಿ ಕಲ್ಲು ಇಳಿಸುವ ಮೊದಲು ಬಾವಾಕ ನಾಲ್ಕನೇ ಕ್ಯಾಮೆರಾಕ್ಕೆ ಕೈ ಬಿಚ್ಚಿ ತೋರಿಸುತ್ತಿದ್ದರು. ಸುಗಂಧಿ ಪಕ್ಕದವಳನ್ನು "ಎರಡಾ?" ಎಂದು ಕೇಳುತ್ತಿದ್ದಳು. "ಎರಡೇ," ಎಂದು ಪಕ್ಕದವಳು ತನ್ನ ಪರದೆ ನೋಡಿ ಹೇಳಿದ ಮೇಲೆ ಹಿಡಿಗೆ ಕೈ ಹಾಕುತ್ತಿದ್ದಳು. ಬೇರೆ ಹಡಗಿನಲ್ಲಿ ಐದೂ ಬೆರಳಿರುವವರು ಸನ್ನೆ ಮಾಡುವಾಗಲೂ ಅದೇ ಮಾತು. ಚಿತ್ರ ನಿಜವಾದದ್ದೇ ಎನ್ನುವುದಕ್ಕೆ ನಡುಕೋಡಿಯಲ್ಲಿ ಈಗ ಬೇರೆ ಮಾತಿಲ್ಲ.

ಕ್ಯಾಂಟೀನಿಗೆ ಮತ್ತೆ ಪರದೆ ಹಾಕಲು ಅನುಮತಿ ಸಿಗಲು ಇನ್ನೂ ಆರು ವಾರ ಬೇಕಾಯಿತು. ಅರ್ಜಿ ಬರೆದವಳು ಸುಗಂಧಿ. ಸಹಿ ಹಾಕಿದವರಲ್ಲಿ ಮೊದಲನೆಯವನು ಯಮನೂರಪ್ಪ. ಈ ಸಲ ಹೊಸ ಪೆಟ್ಟಿಗೆ. ಕೇಳಿದ್ದು ಒಂದೇ ಚಿತ್ರ, ಬಂದದ್ದೂ ಒಂದೇ. ವಾರಿಜ ಎರಡು ಸಲ ಅಳೆದು ನೋಡಿ, ಮೂರನೆಯ ಸಲ ಇನ್ನೊಬ್ಬರ ಕೈಯಲ್ಲಿ ಅಳೆಸಿ, ಆಮೇಲೆ ಸ್ವಿಚ್ ಹಾಕಿದಳು.

ಧೂಳು, ಕಬ್ಬಿಣದ ಗೋಡೆ, ಮೂಲೆಯಲ್ಲಿ ಒಂದೆರಡು ಕಪ್ಪು ಚುಕ್ಕೆ. ನಡುವೆ ಬಾವಾಕ ಕೈ ಎತ್ತಿದರು.

ನೆಬಿಸಮ್ಮ ಕಾವಲಿಯ ಮುಂದಿನಿಂದಲೇ ಕತ್ತು ತಿರುಗಿಸಿ ನೋಡಿದಳು. ಹೆಬ್ಬೆರಳಿನಿಂದ ಶುರುಮಾಡಿ ತುಟಿಯಲ್ಲೇ ಎಣಿಸಿದಳು.

"ಎರಡು," ಎಂದಳು. ಪತ್ತಿರನ್ನು ಮಗುಚಿ ಹಾಕಿದಳು.